ಹಕ್ಕುಪತ್ರ ಆಮೇಲೆ, ಮೊದಲು ತಾರೀಖಿರುವ ಕಾಗದ

ಓದುಗರ ಪ್ರಶ್ನೆ: ಉತ್ತರ ಬೆಂಗಳೂರಿನ ಹೊರವಲಯದಲ್ಲಿ ನಾವು 60 ಮನೆಯವರು ತಗಡಿನ ಶೆಡ್ ಹಾಕಿಕೊಂಡು 14 ವರ್ಷದಿಂದ ಇದ್ದೇವೆ. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಗಾರೆ ಕೆಲಸ, ಮನೆಗೆಲಸ ಮಾಡುತ್ತೇವೆ. ಹೋದ ವಾರ ಇಬ್ಬರು ಬಂದು, 'ಇದು ಸರ್ಕಾರಿ ಜಾಗ, ಹತ್ತು ದಿನದಲ್ಲಿ ಖಾಲಿ ಮಾಡಿ' ಎಂದು ಬಾಯಲ್ಲಿ ಹೇಳಿ ಹೋದರು. ಅರ್ಧ ಜನರ ರೇಷನ್ ಕಾರ್ಡ್ ಊರಲ್ಲಿದೆ, ಕೆಲವರಿಗೆ ಇಲ್ಲವೇ ಇಲ್ಲ. ನೀರಿಗೆ ಎರಡು ದಿನಕ್ಕೊಮ್ಮೆ 6,000 ಲೀಟರಿನ ಒಂದು ಟ್ಯಾಂಕರ್. ಮನೆಗೆ 5,000 ರೂಪಾಯಿ ಕೊಟ್ಟರೆ ಹಕ್ಕುಪತ್ರ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ 5,000 ರೂಪಾಯಿ ಯಾರಿಗೂ ಕೊಡಬೇಡಿ. ಹಕ್ಕುಪತ್ರ ಕೊಡುವುದು ಸರ್ಕಾರ, ಅದೂ ಜಾಗ ಯಾವ ಇಲಾಖೆಯದೋ ಆ ಇಲಾಖೆ ಒಪ್ಪಿದ ಮೇಲೆ. ಛಾಪಾ ಕಾಗದದ ಮೇಲೆ ನೋಟರಿ ಮೊಹರು ಒತ್ತಿಸಿ ಕೊಡುವ ಪತ್ರದಿಂದ ಸರ್ಕಾರಿ ಜಾಗ ನಿಮ್ಮದಾಗುವುದಿಲ್ಲ. ಅದನ್ನು ನಂಬಿ 'ಜಾಗ ನಮ್ಮದೇ' ಎಂದು ವಾದಿಸಲು ಹೋದರೆ, ಭೂಕಂದಾಯ ಕಾಯ್ದೆಯ 192ಎ ಕಲಂ ಪ್ರಕಾರ ಒತ್ತುವರಿಯ ಕ್ರಿಮಿನಲ್ ಕೇಸು ನಿಮ್ಮ ಮೇಲೇ ಬೀಳಬಹುದು. ಎಲ್ಲೇ ಅರ್ಜಿ ಕೊಟ್ಟರೂ 'ನಾವು ಇಲ್ಲಿ ವಾಸವಿದ್ದೇವೆ' ಎಂದು ಬರೆಯಿರಿ. 'ನಾವು ಇದರ ಮಾಲೀಕರು' ಎಂದು ಬರೆಯಬೇಡಿ. ಸರ್ಕಾರದ ವಿರುದ್ಧ ಸ್ವಾಧೀನಾನುಭವದಿಂದ, ಅಂದರೆ ಬಹುಕಾಲ ಜಾಗ ನಮ್ಮ ಕೈಯಲ್ಲೇ ಇದೆ ಎಂಬ ಕಾರಣಕ್ಕೆ, ಒಡೆತನ ಕೇಳಲು 30 ವರ್ಷ ಆಗಿರಬೇಕು. 14 ವರ್ಷಕ್ಕೆ ಆ ದಾರಿ ಇಲ್ಲ.

ಇನ್ನು ಕಾನೂನು. ಸಂವಿಧಾನದಲ್ಲಿ ಮನೆ, ಅನ್ನ, ನೀರು ಎಂಬ ಮೂರು ಹಕ್ಕುಗಳನ್ನು ಹೆಸರಿಟ್ಟು ಬರೆದಿಲ್ಲ. 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಇವೂ ಇವೆ ಎಂದು ಸುಪ್ರೀಂ ಕೋರ್ಟ್ ಒಂದೊಂದಾಗಿ ಹೇಳುತ್ತಾ ಬಂದಿದೆ: 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ ಬದುಕುವ ದಾರಿ, 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಶುದ್ಧ ನೀರು, 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಸೂರು. ಮನೆ, ಅನ್ನ, ನೀರು ಈ ಮೂರರಲ್ಲಿ ಇಂತಿಷ್ಟು ಕಿಲೋ ಎಂದು ಲೆಕ್ಕ ಹಾಕಿ ಕೊಡಲೇಬೇಕೆಂಬ ಕಾಯ್ದೆ ಇರುವುದು ಅನ್ನಕ್ಕೆ ಮಾತ್ರ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ನೀರಿನ ಹಕ್ಕು ಅದಕ್ಕಿಂತ ಸಡಿಲ. ಮನೆಯ ಹಕ್ಕು ಎಲ್ಲಕ್ಕಿಂತ ಸಡಿಲ: 'ಕೇಳದೆ ಒಡೆಯಬಾರದು' ಎನ್ನುವಷ್ಟು ಗಟ್ಟಿ ಇದೆ, 'ಇಲ್ಲೇ ಇರಲು ಬಿಡಬೇಕು' ಎನ್ನುವಷ್ಟು ಇಲ್ಲ. 1979ರಲ್ಲಿ ಭಾರತ ಸೇರಿಕೊಂಡ ಆರ್ಥಿಕ, ಸಾಮಾಜಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಅನ್ನ, ಮನೆ ಹೆಸರಿಟ್ಟೇ ಇವೆ, ನೀರೂ ಅದರೊಳಗೆ ಬರುತ್ತದೆ ಎಂದು ವಿಶ್ವಸಂಸ್ಥೆಯ ಸಮಿತಿ ಹೇಳಿದೆ. ಆದರೆ ತಹಶೀಲ್ದಾರರ ಮುಂದೆ ಅದನ್ನು ಓದಿ ಪ್ರಯೋಜನವಿಲ್ಲ, ಹೈಕೋರ್ಟಿನ ಅರ್ಜಿಯಲ್ಲಿ ವಕೀಲರು ಅದಕ್ಕೊಂದು ಪ್ಯಾರಾ ಇಡುತ್ತಾರೆ.

ಜನ ಸಾಮಾನ್ಯವಾಗಿ ಎಲ್ಲಕ್ಕಿಂತ ಸಡಿಲವಾದದ್ದನ್ನೇ ಮೊದಲು ಕೇಳುತ್ತಾರೆ, ಮನೆ. ನಮ್ಮ ಸಲಹೆ ಅದಕ್ಕೆ ತದ್ವಿರುದ್ಧ. ರೇಷನ್, ಅಂಗನವಾಡಿ, ನೀರು ಇವನ್ನು ಲಿಖಿತವಾಗಿ ಈಗಲೇ ಕೇಳಿ. ಒಂದೊಂದು ಅರ್ಜಿಗೂ ಒಂದೊಂದು ಮುದ್ರೆ ಬೀಳುತ್ತದೆ, ಮುದ್ರೆಯಲ್ಲಿ ತಾರೀಖು ಇರುತ್ತದೆ. ಒಕ್ಕಲೆಬ್ಬಿಸುವ ಪ್ರಕರಣದಲ್ಲಿ ಕೊನೆಗೆ ತೂಗುವುದು ಆ ತಾರೀಖುಗಳೇ. 'ಇವರು ಮೊನ್ನೆ ಬಂದು ಶೆಡ್ ಹಾಕಿದವರು' ಎಂದು ಎದುರಿನವರು ಹೇಳಿದಾಗ ನಿಮ್ಮ ಕೈಯಲ್ಲಿ ಉತ್ತರ ಇರಬೇಕು.

ಜಾಗ ಯಾರದು?

ಇದು ಗೊತ್ತಾಗದೆ ಮುಂದಿನ ಹೆಜ್ಜೆ ಇಡಬೇಡಿ, ಏಕೆಂದರೆ ಮಾಲೀಕ ಬದಲಾದರೆ ಕಾನೂನೇ ಬದಲಾಗುತ್ತದೆ. ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ಹಾಕಿಕೊಂಡು ಶೆಡ್ಡುಗಳ ನಡುವೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ನಾಲ್ಕು ಮೂಲೆಯಲ್ಲೂ ನಿಂತು ನೋಡಿ. ಒಂದೇ ಬಡಾವಣೆ ಎರಡು ಸರ್ವೆ ನಂಬರಿನಲ್ಲಿ ಹರಡಿಕೊಂಡಿರುವುದುಂಟು. ಒಂದು ಖಾಸಗಿ, ಇನ್ನೊಂದು ಖರಾಬು (ಸಾಗುವಳಿಗೆ ಬಾರದ ಜಾಗ). ಆ ನಂಬರಿಗೆ 'ಭೂಮಿ' ತಂತ್ರಾಂಶದಿಂದ ಪಹಣಿ ತೆಗೆಸಿ 9ನೇ ಕಾಲಂ ನೋಡಿ. ಹೆಸರಿದ್ದರೆ ಖಾಸಗಿ. ಸರ್ಕಾರಿ, ಗೋಮಾಳ, ಕೆರೆ ಎಂದಿದ್ದರೆ, ಅಥವಾ 3ನೇ ಕಾಲಂನಲ್ಲಿ ಬಿ-ಖರಾಬು ಎಂದಿದ್ದು ಶೆಡ್ ಆ ಭಾಗದಲ್ಲಿದ್ದರೆ, ಕಂದಾಯ ಇಲಾಖೆಯ ಕೈಯಲ್ಲಿದೆ. ಬಿ-ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಅದರಲ್ಲಿ ಶೆಡ್ ಇದ್ದರೆ ನಿಮ್ಮ ಪರಿಸ್ಥಿತಿ ನಾಜೂಕು.

ಖಾಸಗಿ ಜಾಗವಾದರೆ ಮಾಲೀಕ ಸಿವಿಲ್ ಕೋರ್ಟಿಗೆ ಹೋಗಿಯೇ ನಿಮ್ಮನ್ನು ಬಿಡಿಸಬೇಕು. ಆಳು ಕರೆತಂದು, ಜೆಸಿಬಿ ತಂದು ಒಡೆದರೆ, ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಜಾಗ ಯಾರದು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಆರು ತಿಂಗಳಿಗೆ ಒಂದು ದಿನ ಹೆಚ್ಚಾದರೂ ಈ ದಾರಿ ಮುಚ್ಚಿತು. ಸರ್ಕಾರದ ವಿರುದ್ಧ ಈ ದಾವೆ ನಡೆಯದು ಎಂಬುದೂ ನೆನಪಿರಲಿ. ಒಂದು ಸಣ್ಣ ವಿಷಯ: ಜಾಗದ ಬಾಡಿಗೆ ಎಂದು ಯಾರಿಗಾದರೂ ತಿಂಗಳು ತಿಂಗಳು ಕೊಡುತ್ತಿದ್ದರೆ ಇವತ್ತಿನಿಂದಲೇ ಫೋನ್‌ಪೇ, ಗೂಗಲ್‌ಪೇ ಮೂಲಕ ಕೊಡಿ. ನಗದಿಗೆ ಸಾಕ್ಷಿ ಇಲ್ಲ.

ಸರ್ಕಾರಿ ಜಾಗವಾದರೆ ಕಂದಾಯ ಭೂಮಿಗೆ ತಹಶೀಲ್ದಾರರು, ಇಲಾಖೆಗೆ ಸೇರಿದ ಆವರಣಕ್ಕೆ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆ, ರೈಲ್ವೆ ಅಥವಾ ರಕ್ಷಣಾ ಇಲಾಖೆಯದಾದರೆ ಕೇಂದ್ರದ 1971ರ ಕಾಯ್ದೆ. ಎಲ್ಲದರಲ್ಲೂ ಕಾರಣ ಕೇಳುವ ನೋಟಿಸ್ ಬರಬೇಕು, ನಿಮ್ಮ ಉತ್ತರ ಕೇಳಬೇಕು, ಆಮೇಲೆ ಆದೇಶ ಆಗಬೇಕು. ಆದೇಶದ ಮೇಲೆ ಮೇಲ್ಮನವಿಗೆ ಅವಕಾಶವೂ ಇದೆ, ಆದರೆ ಅವಧಿ ಬಹಳ ಕಡಿಮೆ. ಆದೇಶ ಕೈಗೆ ಸಿಕ್ಕ ದಿನವೇ ವಕೀಲರನ್ನು ನೋಡಿ. 2025ರ ಸೆಪ್ಟೆಂಬರ್‌ನಿಂದ ನಗರದಲ್ಲಿ ಒಂದೇ ಪಾಲಿಕೆ ಇಲ್ಲ, ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಿವೆ. ಬೇರೆ ಪಾಲಿಕೆಯ ಟಪಾಲಿಗೆ ಕೊಟ್ಟ ಅರ್ಜಿ ವಾರಗಟ್ಟಲೆ ಅಲೆಯುತ್ತದೆ. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಬಂತು ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ನಿಮ್ಮದೇ ಎಣಿಕೆ

ಸರ್ಕಾರ ಬಂದು ಎಣಿಸುತ್ತದೆ ಎಂದು ಕಾಯಬೇಡಿ. ಒಂದು ಭಾನುವಾರ ಸಾಕು. ಪ್ರತಿ ಶೆಡ್ಡಿನ ಬಾಗಿಲ ಮೇಲೆ ಬಣ್ಣದಲ್ಲಿ 1ರಿಂದ 60ರವರೆಗೆ ನಂಬರ್ ಬರೆಯಿರಿ. ಮನೆಯವರೆಲ್ಲ ಬಾಗಿಲ ಮುಂದೆ ನಿಂತು, ನಂಬರ್ ಕಾಣುವಂತೆ, ಜಿಪಿಎಸ್ ಮತ್ತು ತಾರೀಖು ಮೂಡುವ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೊ ತೆಗೆಯಿರಿ. ಒಂದೊಂದು ಮನೆಗೆ ಒಂದು ಹಾಳೆ: ಯಾರು ಯಾರಿದ್ದಾರೆ, ಯಾವ ವರ್ಷ ಬಂದರು, ಆರು ವರ್ಷದೊಳಗಿನ ಮಕ್ಕಳೆಷ್ಟು, ಗರ್ಭಿಣಿಯರು, ಬಾಣಂತಿಯರು, ಅಂಗವಿಕಲರು, ಯಾವ ಯಾವ ದಾಖಲೆ ಇವೆ. ಸ್ವಂತ ಶೆಡ್ಡೋ ಬಾಡಿಗೆಯದೋ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗದವರ) ಕ್ವಾರ್ಟರ್ಸ್ ಜಾಗದಿಂದ ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದಾಗ, ಮೂಲ ಹಂಚಿಕೆದಾರರು ಯಾರು, ಬಾಡಿಗೆಗೆ ಬಂದವರು ಯಾರು ಎಂಬ ಗೆರೆಯ ಮೇಲೆಯೇ ಮುಂದಿನದೆಲ್ಲ ನಿಂತಿತು. ಬಾಡಿಗೆಯವರು ಪಟ್ಟಿಯಿಂದ ಹೊರಗೆ ಉಳಿದರು. ನಿಮ್ಮ ಪಟ್ಟಿಯಲ್ಲಿ ಅವರ ಹೆಸರು ಮೊದಲೇ ಇದ್ದರೆ 'ಇವರು ಆಮೇಲೆ ಸೇರಿಕೊಂಡವರು' ಎನ್ನುವ ಮಾತು ನಿಲ್ಲುವುದಿಲ್ಲ.

ದಾಖಲೆಗಳೆಲ್ಲ ಒಂದೇ ತೂಕದವಲ್ಲ. ಹಳೆಯ ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ, ಬೆಸ್ಕಾಂ ಆರ್‌ಆರ್ ನಂಬರಿನ ಬಿಲ್ಲು ಇವು ಗಟ್ಟಿ, ಏಕೆಂದರೆ ಇವನ್ನು ಬೇರೆಯವರು ಬೇರೆ ಕಾರಣಕ್ಕೆ ಆ ಹೊತ್ತಿನಲ್ಲೇ ಬರೆದಿಟ್ಟವು. ತಾಯಿ ಕಾರ್ಡ್, ಮಕ್ಕಳ ಲಸಿಕೆ ಕಾರ್ಡ್ ಕೂಡ ಹಾಗೆಯೇ; ನರ್ಸಮ್ಮ ಕೈಯಲ್ಲಿ ಬರೆದ ತಾರೀಖು ಎಂದು ಅದನ್ನು ಕಡೆಗಣಿಸಬೇಡಿ. ಆಧಾರ್ ಅಷ್ಟು ಗಟ್ಟಿಯಲ್ಲ, ವಿಳಾಸವನ್ನು ನಿನ್ನೆ ಬದಲಿಸಿರಬಹುದು. ಅದಕ್ಕೆ ಮದ್ದಿದೆ: ಆಧಾರ್ ಜಾಲತಾಣದಲ್ಲಿ ನಿಮ್ಮ ಕಾರ್ಡಿನ ತಿದ್ದುಪಡಿ ಇತಿಹಾಸ ಇಳಿಸಿಕೊಳ್ಳಬಹುದು, ಈ ವಿಳಾಸ ಯಾವಾಗ ಸೇರಿತು ಎಂಬುದು ಅದರಲ್ಲಿ ಬರುತ್ತದೆ.

ಯಾರ ಕೈಯಲ್ಲೂ ಕಾಗದ ಇಲ್ಲದಿದ್ದರೂ ಆಕಾಶದಲ್ಲಿ ಒಂದು ಸಾಕ್ಷಿ ಇದೆ. ಕಂಪ್ಯೂಟರಿನ ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ತಾರೀಖು ಸಮೇತ ಸಿಗುತ್ತದೆ. ನಿಮ್ಮ ತಗಡು ಮೊದಲು ಕಾಣುವ ಚಿತ್ರದಿಂದ ಶುರು ಮಾಡಿ ವರ್ಷಕ್ಕೊಂದರಂತೆ ಪ್ರಿಂಟ್ ತೆಗೆಸಿ. ಕೋರ್ಟಿಗೆ ಕೊಡುವಾಗ ಫೋಟೊಗೂ ಇದಕ್ಕೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ವಕೀಲರಿಗೆ ನೆನಪಿಸಿ. ಎಲ್ಲ ಕಾಗದದ ಫೋಟೊ ಮೂರು ಬೇರೆ ಬೇರೆ ಫೋನಿನಲ್ಲಿರಲಿ, ಒಂದು ಪ್ರತಿ ಊರಿಗೆ ಹೋಗಲಿ. ಜೆಸಿಬಿ ಬಂದ ದಿನ ಪಾತ್ರೆ ಸಿಗುತ್ತವೆ, ಕಾಗದದ ಚೀಲ ಮಣ್ಣಿನಡಿ ಹೋಗಿರುತ್ತದೆ.

ಬಾಯಿಮಾತಿನ ಗಡುವಿಗೆ ಏನು ಮಾಡಬೇಕು?

ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ, ಆದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಂದವರು ಯಾವ ಕಚೇರಿಯವರು ಎಂದಿದ್ದಾರೋ ಆ ಕಚೇರಿಗೂ ಜಿಲ್ಲಾಧಿಕಾರಿಗೂ ಇವತ್ತೇ ಪತ್ರ ಬರೆಯಿರಿ: ಇಂಥ ದಿನ ಇಂಥ ಹೊತ್ತಿಗೆ ಬಂದು ಹೀಗೆ ಹೇಳಿದರು, ನಮಗೆ ಯಾವುದೇ ನೋಟಿಸ್ ಬಂದಿಲ್ಲ, 60 ಕುಟುಂಬ 14 ವರ್ಷದಿಂದ ವಾಸವಿದ್ದೇವೆ, ಕಾನೂನು ಪ್ರಕಾರ ನೋಟಿಸ್ ಕೊಟ್ಟು, ನಮ್ಮ ಮಾತು ಕೇಳದೆ ತೆರವು ಮಾಡಬಾರದು. ಎಣಿಕೆಯ ಪಟ್ಟಿ ಲಗತ್ತಿಸಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಟಪಾಲು ವಿಭಾಗದ ಮುದ್ರೆ ಹಾಕಿಸಿಕೊಳ್ಳಿ. 'ಸಾಹೇಬರು ಇಲ್ಲ, ನಾಳೆ ಬನ್ನಿ' ಎಂದರೆ ಜಗಳ ಬೇಡ, ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ತಲುಪಿದ್ದಕ್ಕೆ ಪುರಾವೆ ಬೇಕೆಂದು ಕೇಳಿ ಕಳಿಸಿ.

ನೋಟಿಸ್ ಬಂದರೆ ಐದು ಸಂಗತಿ ನೋಡಿ: ಯಾವ ಕಾಯ್ದೆ, ಯಾವ ಕಲಂ, ಯಾವ ಸರ್ವೆ ನಂಬರ್, ಸಹಿ ಹಾಕಿದವರ ಹುದ್ದೆ, ಉತ್ತರಕ್ಕೆ ಎಷ್ಟು ದಿನ. ಕಲಂ ಇಲ್ಲದ ನೋಟಿಸ್, ಹಿಂದಿನ ತಾರೀಖು ಹಾಕಿದ ನೋಟಿಸ್, ಒಬ್ಬರ ಹೆಸರಿಗೆ ಬರೆದು 60 ಮನೆಗೆ ಅನ್ವಯಿಸುವ ನೋಟಿಸ್ ಇವು ಸಾಮಾನ್ಯವಾಗಿ ಕಾಣುವ ದೋಷಗಳು. ಗೋಡೆಗೆ ಅಂಟಿಸಿದ್ದನ್ನು ಕೀಳುವ ಮೊದಲು ತಾರೀಖು ಸಮೇತ ಫೋಟೊ ತೆಗೆಯಿರಿ. 'ಇದು ಸರ್ಕಾರಿ ಜಾಗ ಎಂದು ಒಪ್ಪುತ್ತೇನೆ, ಸ್ವಯಂಪ್ರೇರಿತವಾಗಿ ಖಾಲಿ ಮಾಡುತ್ತೇನೆ' ಎಂಬ ಮುಚ್ಚಳಿಕೆಗೆ ಹೆಬ್ಬೆಟ್ಟು ಕೇಳುವುದುಂಟು. ಓದಿಸದೆ, ಪ್ರತಿ ಇಟ್ಟುಕೊಳ್ಳದೆ ಯಾರೂ ಹೆಬ್ಬೆಟ್ಟು ಒತ್ತಬಾರದು. ಆ ಒಂದು ಕಾಗದ ಎಷ್ಟೋ ಕೇಸುಗಳನ್ನು ಕೋರ್ಟಿಗೆ ಹೋಗುವ ಮೊದಲೇ ಮುಗಿಸಿದೆ.

ಮನೆ ಒಡೆಯುವ ಮೊದಲು ಏನೇನು ಮಾಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಕೊಟ್ಟ ಆದೇಶದ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ಅದು ನಿಜಕ್ಕೂ ಬಲವಾದ ಆದೇಶ: ನೋಟಿಸ್ ಅಂಚೆಯಲ್ಲಿ ಬರಬೇಕು, ಕಟ್ಟಡಕ್ಕೂ ಅಂಟಿಸಬೇಕು, ತಲುಪಿದ ದಿನದಿಂದ 15 ದಿನ ಕೊಡಬೇಕು, ಖುದ್ದು ವಿಚಾರಣೆ ನಡೆಸಬೇಕು, ಒಡೆಯುವುದೊಂದೇ ದಾರಿ ಏಕೆ ಎಂದು ಆದೇಶದಲ್ಲಿ ಬರೆಯಬೇಕು, ಆದೇಶದ ಮೇಲೂ 15 ದಿನ ಕಾಯಬೇಕು, ತೆರವನ್ನು ವಿಡಿಯೊ ಮಾಡಬೇಕು. ಮೀರಿದ ಅಧಿಕಾರಿ ತನ್ನ ಜೇಬಿನಿಂದ ನಷ್ಟ ತುಂಬಬೇಕಾದೀತು. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ, ಅದನ್ನು ಯಾರೂ ಹೇಳುವುದಿಲ್ಲ: ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ನದಿ ಅಥವಾ ಕೆರೆಕಟ್ಟೆಯ ಜಾಗದಲ್ಲಿರುವ ಅನಧಿಕೃತ ಕಟ್ಟಡಕ್ಕೆ, ಕೋರ್ಟೇ ತೆರವಿಗೆ ಆದೇಶಿಸಿದ ಪ್ರಕರಣಕ್ಕೆ ಇದು ಅನ್ವಯಿಸುವುದಿಲ್ಲ. ಬೆಂಗಳೂರಿನ ಬಡವರ ಶೆಡ್ಡುಗಳು ಬಹುಪಾಲು ಇರುವುದು ಇಂಥ ಅಂಚಿನ ಜಾಗಗಳಲ್ಲೇ, ರಾಜಕಾಲುವೆ, ಕೆರೆ, ಹಳಿ. ಅದಕ್ಕೇ ದಿಶಾಂಕ್‌ನಿಂದ ಶುರು ಮಾಡಿ ಎಂದದ್ದು. ನೀವು ಆ ವಿನಾಯಿತಿಯೊಳಗೆ ಬಂದರೂ ಓಲ್ಗಾ ಟೆಲ್ಲಿಸ್ ತೀರ್ಪು ಬಿಟ್ಟುಹೋಗುವುದಿಲ್ಲ. ಫುಟ್‌ಪಾತಿನವರಿಗೂ ಮುನ್ನೆಚ್ಚರಿಕೆ, ಕೇಳುವ ಅವಕಾಶ ಬೇಕು ಎಂದದ್ದೇ ಆ ತೀರ್ಪು. ಬದಲಿ ಜಾಗವನ್ನು ಮಾತ್ರ ಅದು ಎಲ್ಲರಿಗೂ ಹಕ್ಕಾಗಿ ಕೊಡಲಿಲ್ಲ.

ಪೊಲೀಸರು ಬಂದು ಖಾಲಿ ಮಾಡಿ ಎಂದರೆ ಆದೇಶ ತೋರಿಸಿ ಎಂದು ಮರ್ಯಾದೆಯಿಂದ ಕೇಳಿ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳನ್ನು ನೆಲಸಮ ಮಾಡಿದ ಪ್ರಕರಣ ಹೈಕೋರ್ಟಿಗೆ ಹೋದಾಗ, ಹಾಗೆ ಎಬ್ಬಿಸುವ ಅಧಿಕಾರ ಪೊಲೀಸರಿಗೆ ಎಲ್ಲಿಂದ ಬಂತು ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ವಕೀಲರಿಗೆ ದುಡ್ಡಿಲ್ಲ ಎಂದು ಕೂರಬೇಡಿ. 15100ಕ್ಕೆ ಕರೆ ಮಾಡಿ, ಅಥವಾ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಆದ್ದರಿಂದ ಅರ್ಜಿದಾರರಾಗಿ ಹೆಂಗಸರ ಹೆಸರು ಮುಂದಿರಲಿ, ಆದಾಯ ಪತ್ರಕ್ಕೆ ಅಲೆಯುವ ಎರಡು ವಾರ ಉಳಿಯುತ್ತದೆ. ಸಿವಿಲ್ ಕೋರ್ಟಿನಲ್ಲಿ ಸರ್ಕಾರದ ಮೇಲೆ ದಾವೆ ಹೂಡಲು ಎರಡು ತಿಂಗಳ ಮುಂಚಿನ ನೋಟಿಸ್ ಬೇಕು. ತುರ್ತು ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80(2)ರಡಿ ಅನುಮತಿ ಕೇಳಬಹುದು. ಇಡೀ ಬಡಾವಣೆಯ ಪ್ರಶ್ನೆಗೆ ಸಾಮಾನ್ಯವಾಗಿ ಹೈಕೋರ್ಟಿನ ರಿಟ್ ಅರ್ಜಿಯೇ ಸೂಕ್ತ. ಜೆಸಿಬಿ ಬಂದ ಮೇಲೆ ಓಡಿದರೆ ತಡೆಯಾಜ್ಞೆ ಬರುವಷ್ಟರಲ್ಲಿ ನೆಲ ಸಪಾಟಾಗಿರುತ್ತದೆ. ಕಾಗದವೆಲ್ಲ ಈಗಲೇ ವಕೀಲರ ಕೈ ಸೇರಿರಲಿ.

ರೇಷನ್, ಅಂಗನವಾಡಿ

ಇದರಲ್ಲಿ ಅರ್ಧ ಕೆಲಸ ನಾಳೆಯೇ ಆಗುತ್ತದೆ. ಊರಲ್ಲಿರುವ ಕಾರ್ಡಿಗೆ ಬೆಂಗಳೂರಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಅಕ್ಕಿ ಪಡೆಯಬಹುದು. ಕಾರ್ಡ್ ವರ್ಗಾಯಿಸಬೇಕಿಲ್ಲ, ಕಾರ್ಡ್ ನಂಬರ್, ಹೆಬ್ಬೆಟ್ಟು ಸಾಕು. ನಿಮ್ಮ ಪಾಲಿನಷ್ಟು ಇಲ್ಲಿ ತೆಗೆದುಕೊಂಡು, ಊರಲ್ಲಿರುವ ಅಪ್ಪ ಅಮ್ಮ ಉಳಿದದ್ದನ್ನು ಅಲ್ಲಿ ತೆಗೆದುಕೊಳ್ಳಬಹುದು. ಹೊರರಾಜ್ಯದ ಕಾರ್ಡಾದರೆ ಕೇಂದ್ರದ ಪಾಲು ಮಾತ್ರ ಸಿಗುತ್ತದೆ, ನಮ್ಮ ರಾಜ್ಯ ಅನ್ನಭಾಗ್ಯದಲ್ಲಿ ಸೇರಿಸಿ ಕೊಡುವುದು ಸಿಗದು. ಕೇಂದ್ರದ ಲೆಕ್ಕ: ಆದ್ಯತಾ (ಬಿಪಿಎಲ್) ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯಕ್ಕೆ ಮನೆಗೆ 35 ಕೆಜಿ. 2023ರ ಜನವರಿಯಿಂದ ಅದಕ್ಕೆ ದುಡ್ಡಿಲ್ಲ.

ಅಂಗಡಿಯವರು ಹೇಳುವ ನೆಪಗಳು ಮೂರು. 'ಹೊರಗಿನವರಿಗೆ ಸ್ಟಾಕ್ ಇಲ್ಲ': ತಿಂಗಳ ಕೊನೆಗೆ ಇದು ಕೆಲವೊಮ್ಮೆ ನಿಜವೂ ಹೌದು, ಆದ್ದರಿಂದ ಮೊದಲ ವಾರವೇ ಹೋಗಿ. 'ಸರ್ವರ್ ಇಲ್ಲ': ದಿನ, ಹೊತ್ತು ಬರೆದಿಟ್ಟುಕೊಳ್ಳಿ. 'ಹೆಬ್ಬೆಟ್ಟು ಬರುತ್ತಿಲ್ಲ': ಸಿಮೆಂಟ್ ಕೆಲಸದವರ ಬೆರಳು ಸವೆದಿರುತ್ತದೆ, ಮನೆಯ ಬೇರೆ ಸದಸ್ಯರು ಪ್ರಯತ್ನಿಸಲಿ, ಮೊಬೈಲ್ ಒಟಿಪಿ ಕೇಳಲಿ, ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಲಿ. ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗದೆ ಹೆಸರು ಬಿಟ್ಟುಹೋದವರೂ ಇರುತ್ತಾರೆ, ಅದನ್ನೂ ಕೇಳಿ ನೋಡಿ.

ದೂರಿಗೆ 1967 ಸಹಾಯವಾಣಿ ಇದೆ. ಆದರೆ ಫೋನಿನಲ್ಲೇ ನಿಲ್ಲಬೇಡಿ. ಆಹಾರ ಭದ್ರತಾ ಕಾಯ್ದೆಯ 15ನೇ ಕಲಂ ಪ್ರಕಾರ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಲಿಖಿತ ದೂರು ಕೊಡಿ, ಆಮೇಲೆ ರಾಜ್ಯ ಆಹಾರ ಆಯೋಗ. ಈ ಕ್ರಮ ತಪ್ಪಿಸಬಾರದು, ಏಕೆಂದರೆ 33ನೇ ಕಲಂನ 5,000 ರೂಪಾಯಿವರೆಗಿನ ದಂಡ ಬೀಳುವುದು ಜಿಲ್ಲಾ ಅಧಿಕಾರಿ ಸೂಚಿಸಿದ ಪರಿಹಾರವನ್ನು ಕೊಡದ ನೌಕರನಿಗೆ. ಜಿಲ್ಲೆಯ ಲಿಖಿತ ಆದೇಶ ಇಲ್ಲದೆ ಆಯೋಗಕ್ಕೆ ಹಿಡಿಯಲು ಏನೂ ಇರುವುದಿಲ್ಲ.

ಕಾರ್ಡೇ ಇಲ್ಲದವರದು ಕಷ್ಟದ ಪ್ರಶ್ನೆ. 'ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ' ಎಂಬ ಮಾತಿನ ಹಿಂದೆ ಒಂದು ಲೆಕ್ಕವಿದೆ: ಯಾವ ರಾಜ್ಯಕ್ಕೆ ಎಷ್ಟು ಜನರ ಧಾನ್ಯ ಎಂಬುದು ಇಂದಿಗೂ 2011ರ ಜನಗಣತಿಯ ಮೇಲೆ ನಿಂತಿದೆ, ಕರ್ನಾಟಕದ ಪಾಲು ಸುಮಾರು 4 ಕೋಟಿ ಜನ. ಅದಾದ ಮೇಲೆ ಬೆಂಗಳೂರು ಎಷ್ಟು ಬೆಳೆಯಿತು ಎಂದು ಹೇಳಬೇಕಿಲ್ಲ. ಈ ಗೋಡೆಗೆ ಒಂದು ಕಿಂಡಿ ಇದೆ. ಅಸಂಘಟಿತ ಕಾರ್ಮಿಕರ ಕೇಂದ್ರ ಪಟ್ಟಿಯಾದ ಇ-ಶ್ರಮ್‌ನಲ್ಲಿ ನೋಂದಾಯಿಸಿದ, ಕಾರ್ಡಿಲ್ಲದ ಕಾರ್ಮಿಕರಿಗೆ ಆ ಮಿತಿಗೆ ಕಟ್ಟುಬೀಳದೆ ಕಾರ್ಡ್ ಕೊಡಿ ಎಂದು ವಲಸೆ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ರಾಜ್ಯಗಳಿಗೆ ಹೇಳಿತು. ಆದ್ದರಿಂದ ಮೊದಲು ಇ-ಶ್ರಮ್ ಕಾರ್ಡ್ ಮಾಡಿಸಿ, ಅದು ಉಚಿತ. ಆಮೇಲೆ ಆ ಆದೇಶ ಉಲ್ಲೇಖಿಸಿ ಆಹಾರ ಇಲಾಖೆಗೆ ಲಿಖಿತ ಅರ್ಜಿ ಕೊಡಿ. ಬೆಂಗಳೂರು ಒನ್‌ನಲ್ಲಿ ಅರ್ಜಿ ತೆರೆದಾಗ ಅಲ್ಲೂ ಹಾಕಿ. ವಾರ್ಷಿಕ ಆದಾಯ 1.2 ಲಕ್ಷ ದಾಟಿದರೆ, ಬಿಳಿ ಬೋರ್ಡ್ ಕಾರಿದ್ದರೆ, ನಗರದಲ್ಲಿ 1,000 ಚದರಡಿ ಮೀರಿದ ಸ್ವಂತ ಮನೆ ಇದ್ದರೆ ಬಿಪಿಎಲ್ ಕಾರ್ಡ್ ಸಿಗದು. ಗಂಡನ ಹೆಸರು ಊರಿನ ಕಾರ್ಡಿನಲ್ಲಿದ್ದರೆ ಮೊದಲು ಅಲ್ಲಿಂದ ತೆಗೆಸಬೇಕು, ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಕಾರಣಕ್ಕೆ.

ಅಂಗನವಾಡಿಗೆ ರೇಷನ್ ಕಾರ್ಡ್ ಬೇಕಿಲ್ಲ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ಆದೇಶ ನಿಮ್ಮಂಥ ಬಡಾವಣೆಗೆಂದೇ ಇದೆ: ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಕೊಳೆಗೇರಿ ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು. ಎಣಿಕೆಯ ಹಾಳೆಯಲ್ಲಿ ಸಣ್ಣ ಮಕ್ಕಳ ಲೆಕ್ಕ ಹಾಕಿಸಿದ್ದು ಇದಕ್ಕೇ. 40 ಆದರೆ ಮಕ್ಕಳ ಹೆಸರು, ಹುಟ್ಟಿದ ದಿನ, ತಾಯಿಯ ಸಹಿ ಇರುವ ಪಟ್ಟಿ ಮಾಡಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕೊಡಿ. 38 ಇದ್ದರೆ ಪಕ್ಕದ ಶೆಡ್ಡುಗಳವರನ್ನೂ ಸೇರಿಸಿಕೊಳ್ಳಿ. ಅಂಗನವಾಡಿ ಬಂದರೆ ಮಕ್ಕಳಿಗೆ ಮೊಟ್ಟೆ, ಊಟ, ಗರ್ಭಿಣಿಯರಿಗೆ ಮಾತೃಪೂರ್ಣದ ಬಿಸಿಯೂಟ. ಜೊತೆಗೆ ನಿಮ್ಮ ಬಡಾವಣೆಯ ಹೆಸರು ಹೊತ್ತ ಒಂದು ಸರ್ಕಾರಿ ಹಾಜರಿ ಪುಸ್ತಕ, ದಿನದಿನದ ತಾರೀಖಿನೊಂದಿಗೆ.

ನೀರು

ನಿಮ್ಮದೇ ಲೆಕ್ಕ ನೋಡೋಣ. ಮನೆಗೆ ನಾಲ್ಕೂವರೆ ಜನರೆಂದರೆ 270 ಜನ. ಎರಡು ದಿನಕ್ಕೆ 6,000 ಲೀಟರ್ ಎಂದರೆ ತಲೆಗೆ ದಿನಕ್ಕೆ 11 ಲೀಟರ್. ಭೂಕಂಪ, ಪ್ರವಾಹದ ಶಿಬಿರಗಳಿಗೆ ಜಗತ್ತು ಒಪ್ಪಿರುವ ಕನಿಷ್ಠ ಮಟ್ಟವೇ 15 ಲೀಟರ್. ಬೀದಿ ನಲ್ಲಿಯಿಂದ ನೀರು ಹಿಡಿಯುವವರಿಗೆ ನಮ್ಮ ದೇಶದ ಎಂಜಿನಿಯರಿಂಗ್ ಮಾನದಂಡ 40 ಲೀಟರ್. ಅಂದರೆ ನಿಮಗೆ ದಿನಕ್ಕೆ 10,800 ಲೀಟರ್, ಹೆಚ್ಚುಕಡಿಮೆ ಎರಡು ಟ್ಯಾಂಕರ್. ಅರ್ಜಿಯಲ್ಲಿ 'ನೀರಿಗೆ ತುಂಬಾ ತೊಂದರೆ' ಎಂದು ಬರೆಯುವ ಬದಲು ಈ ಅಂಕಿಗಳನ್ನು ಬರೆಯಿರಿ. ಎಂಜಿನಿಯರಿಗೆ ಅರ್ಥವಾಗುವ ಭಾಷೆ ಅದು.

ಬೆಲೆಯನ್ನೂ ಬರೆಯಿರಿ. 2024ರ ಮಾರ್ಚ್‌ನ ಬರದಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತ್ತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, ಅದಕ್ಕೆ ಮೇಲೆ 10 ಕಿಲೋಮೀಟರ್‌ವರೆಗೆ 750. ಆ ಕಡಿಮೆ ದರದಲ್ಲೂ ಸಾವಿರ ಲೀಟರಿಗೆ 100 ರೂಪಾಯಿ ಆಯಿತು. ಅದೇ ಕಾಲಕ್ಕೆ ಜಲಮಂಡಳಿ ನಲ್ಲಿ ಇದ್ದ ಮನೆಗೆ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ ಇತ್ತು.

'ಖಾತೆ ಇಲ್ಲ, ನಲ್ಲಿ ಕೊಡಲ್ಲ' ಎಂಬ ಉತ್ತರ ಬಂದೇ ಬರುತ್ತದೆ. ಜಾಗದ ಹಕ್ಕಿಗೂ ನೀರಿಗೂ ಗಂಟು ಹಾಕಬೇಕಿಲ್ಲ ಎಂದು ಬೆಂಗಳೂರು ಜಲಮಂಡಳಿಯೇ 2000ದ ಸುಮಾರಿಗೆ ಆಸ್ಟ್ರೇಲಿಯಾ ನೆರವಿನ ಯೋಜನೆಯಲ್ಲಿ ಕೆಲವು ಕೊಳೆಗೇರಿಗಳಲ್ಲಿ ಮಾಡಿ ತೋರಿಸಿತ್ತು. ರೇಷನ್ ಕಾರ್ಡ್, ಮತದಾರರ ಚೀಟಿಯಂಥ ವಾಸದ ಪುರಾವೆ ಸಾಕೆಂದಿತ್ತು. 2014ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ಪಾನಿ ಹಕ್ ಸಮಿತಿ ಪ್ರಕರಣದಲ್ಲಿ, ಅನಧಿಕೃತ ಕೊಳೆಗೇರಿಯವರೆಂಬ ಕಾರಣಕ್ಕೆ ನೀರು ನಿರಾಕರಿಸಲಾಗದು ಎಂದಿತು. ಅದು ನಮ್ಮ ಹೈಕೋರ್ಟಿಗೆ ಕಟ್ಟಪ್ಪಣೆಯಲ್ಲ, ಆದರೆ ತೂಕವಿರುವ ಮಾತು. ಅರ್ಜಿಯ ಕೊನೆಗೆ ಈ ಒಂದು ವಾಕ್ಯ ಸೇರಿಸಿ: 'ಈ ನೀರಿನ ಸಂಪರ್ಕದಿಂದ ಜಾಗದ ಮೇಲೆ ನಾವು ಯಾವ ಹಕ್ಕನ್ನೂ ಕೇಳುವುದಿಲ್ಲ.' ಅಧಿಕಾರಿಯ ಭಯ ನೀರಿನದಲ್ಲ, ನಾಳೆ ತನ್ನ ಸಹಿ ಇಟ್ಟುಕೊಂಡು ಜಾಗ ಕೇಳುತ್ತಾರೆ ಎಂಬುದು. ಆ ಭಯ ಹೋದರೆ ಕಡತ ನಡೆಯುತ್ತದೆ. ನೀವು ಅಲ್ಲಿ ವಾಸವಿದ್ದಿರಿ ಎಂಬ ಸಾಕ್ಷಿ ಆ ವಾಕ್ಯದಿಂದ ಕಮ್ಮಿಯಾಗುವುದಿಲ್ಲ.

ಕೇಳುವಾಗ 60 ಮನೆಗೆ 60 ನಲ್ಲಿ ಎಂದು ಶುರು ಮಾಡಬೇಡಿ. ನಿಮಿಷಕ್ಕೆ ಏಳೂವರೆ ಲೀಟರ್ ಬರುವ ಒಂದು ನಲ್ಲಿಗೆ 250 ಜನ ಎಂಬುದು ತುರ್ತು ಮಾನದಂಡ. ನಿಮಗೆ ಎರಡು ಸಾರ್ವಜನಿಕ ನಲ್ಲಿ ಅಥವಾ 10–12 ಮನೆಗೆ ಒಂದರಂತೆ ಮೀಟರ್ ಇರುವ ಗುಂಪು ಸಂಪರ್ಕ ಕೇಳಿ, ಅದು ಬರುವವರೆಗೆ ದಿನಕ್ಕೆರಡು ಟ್ಯಾಂಕರ್. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದೇ ಬಂದದ್ದು. ನಿಮ್ಮ ಜಾಗ ಅದರೊಳಗಿದ್ದರೆ ಹತ್ತಿರದ ಕೊಳವೆ ಎಷ್ಟು ಮೀಟರ್ ದೂರದಲ್ಲಿದೆ ಎಂದು ಜಲಮಂಡಳಿ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರನ್ನು ಕೇಳಿ ಅರ್ಜಿಯಲ್ಲಿ ಬರೆಯಿರಿ. ಜಲಮಂಡಳಿಯ 1916ಕ್ಕೆ ಕರೆ ಮಾಡಿದ ದೂರಿನ ನಂಬರ್ ಇಟ್ಟುಕೊಂಡು ನೀರಿನ ಅದಾಲತ್‌ಗೆ ಹೋಗಿ. ಗುಂಪು ಸಂಪರ್ಕ ಕೆಡುವುದು ಬಿಲ್ಲಿನಲ್ಲಿ: ಒಂದು ಮನೆ ಕಟ್ಟದಿದ್ದರೆ ಹತ್ತು ಮನೆಗೆ ನಿಲ್ಲುತ್ತದೆ. ತಿಂಗಳ ಮೊದಲೇ ದುಡ್ಡು ಕೂಡಿಸಿ, ರಸೀದಿಯನ್ನು ಗೋಡೆಗೆ ಅಂಟಿಸುವುದು ಒಳ್ಳೆಯದು.

ಟ್ಯಾಂಕರ್ ನೀರನ್ನು ಹಾಗೇ ಕುಡಿಯಬೇಡಿ. ಸಾವಿರ ಲೀಟರಿನ ಸಿಂಟೆಕ್ಸ್‌ಗೆ 25 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 8 ಗ್ರಾಂ. ಕಿರಾಣಿ ಅಂಗಡಿಯಲ್ಲಿ ತೂಗಿಸಿಕೊಳ್ಳಿ. ಬಕೆಟ್ ನೀರಿನಲ್ಲಿ ಕದಡಿ, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಹುಯ್ದು, ಅರ್ಧ ಗಂಟೆ ಬಿಡಿ. ಬಾಯಿ ತೆರೆದಿಟ್ಟ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. 200 ಲೀಟರ್ ಡ್ರಮ್ಮಿಗೆ ಗ್ರಾಂ ತೂಗುವುದು ಆಗದ ಮಾತು, ಕ್ಲೋರಿನ್ ಮಾತ್ರೆ ಬಳಸಿ ಅಥವಾ ಕುಡಿಯುವಷ್ಟನ್ನು ಮರಳುವಂತೆ ಒಂದು ನಿಮಿಷ ಕುದಿಸಿ. ಟಿಡಿಎಸ್ ಮೀಟರ್ ತೋರಿಸಿ 'ನೀರು ಶುದ್ಧ' ಎನ್ನುವವರನ್ನು ನಂಬಬೇಡಿ. ಅದು ಕರಗಿದ ಲವಣ ಅಳೆಯುತ್ತದೆ, ಕೊಳಚೆಯ ರೋಗಾಣು ಅದಕ್ಕೆ ಕಾಣುವುದಿಲ್ಲ.

ಇಷ್ಟಾದ ಮೇಲೆ ಮನೆ

ಆಗ 1973ರ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಕಲಂ ಪ್ರಕಾರ ನಿಮ್ಮ ಬಡಾವಣೆಯನ್ನು ಕೊಳೆಗೇರಿ ಎಂದು ಘೋಷಿಸಿ ಎಂದು ಜಿಲ್ಲಾಧಿಕಾರಿಗೂ ಶೇಷಾದ್ರಿಪುರದ ಕೊಳಗೇರಿ ಅಭಿವೃದ್ಧಿ ಮಂಡಳಿಗೂ ಅರ್ಜಿ ಕೊಡಿ. 'ಕೊಳೆಗೇರಿ' ಎಂಬ ಹೆಸರು ಅವಮಾನ ಎಂದು ಕೆಲವರು ಹಿಂಜರಿಯುತ್ತಾರೆ. ಮಂಡಳಿಯ ದುಡ್ಡು, ಚರಂಡಿ, ಶೌಚಾಲಯ, ಮನೆಯ ಯೋಜನೆ ಬರುವುದು ಆ ಹೆಸರಿನ ಬಾಗಿಲಿನಿಂದಲೇ. ಕೆರೆ, ರಾಜಕಾಲುವೆ ಜಾಗವಾದರೆ ಘೋಷಣೆ ಆಗುವ ಆಸೆ ಇಟ್ಟುಕೊಳ್ಳಬೇಡಿ, ನೇರವಾಗಿ ಪುನರ್ವಸತಿ ಕೇಳಿ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತಕ್ಕೆ ವಾರ್ಷಿಕ ಆದಾಯ 3 ಲಕ್ಷದೊಳಗಿನವರು ದುರ್ಬಲ ವರ್ಗ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಊರಲ್ಲಿ ಸರ್ಕಾರದ ಯೋಜನೆಯಲ್ಲಿ ಕಟ್ಟಿದ ಮನೆ ಇದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ, ಮುಚ್ಚಿಡಬೇಡಿ.

ಬದಲಿ ಮನೆ ಕೊಡುತ್ತೇವೆಂದರೆ ಒಪ್ಪುವ ಮೊದಲು ಬಸ್ ಹತ್ತಿ ಹೋಗಿ ನೋಡಿ. ನೀರು ಬಂದಿದೆಯೇ, ಲಿಫ್ಟ್ ನಡೆಯುತ್ತದೆಯೇ, ಶಾಲೆ ಎಷ್ಟು ದೂರ, ಬೆಳಿಗ್ಗೆ ಆರಕ್ಕೆ ಮನೆಗೆಲಸಕ್ಕೆ ಬರಲು ಬಸ್ ಇದೆಯೇ, ಫಲಾನುಭವಿಯ ವಂತಿಗೆ ಎಷ್ಟು, ಹಂಚಿಕೆ ಪತ್ರ ಯಾರ ಹೆಸರಲ್ಲಿ. ಹೆಂಡತಿಯ ಹೆಸರು ಇರಲೇಬೇಕೆಂದು ಹಿಡಿಯಿರಿ.

ಕೊನೆಯದಾಗಿ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ, ಬಿಪಿಎಲ್ ಕಾರ್ಡಿದ್ದರೆ ಅದರ ಪ್ರತಿ ಸಾಕು, ಜಿಲ್ಲಾಧಿಕಾರಿ ಕಚೇರಿಗೆ ಕೇಳಿ: 'ಇಂಥ ಸರ್ವೆ ನಂಬರಿನ ತೆರವಿಗೆ ಸಂಬಂಧಿಸಿದ ನೋಟಿಸ್, ಆದೇಶ, ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ.' ಉತ್ತರಕ್ಕೆ 30 ದಿನ. ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ, ಅದನ್ನು ಅರ್ಜಿಯ ತಲೆಯ ಮೇಲೇ ಬರೆದು ಕಾರಣ ಒಂದು ಸಾಲಿನಲ್ಲಿ ಹೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನೋವನ್ನೆಲ್ಲ ತೋಡಿಕೊಂಡು ನಾಲ್ಕು ಪುಟ ಬರೆದರೆ ಆ ಒಂದೇ ಕಾರಣಕ್ಕೆ ವಾಪಸ್ ಬರುತ್ತದೆ. ನೀರಿನ ಪ್ರಶ್ನೆಯನ್ನು ಜಲಮಂಡಳಿಗೆ ಬೇರೆ ಹಾಳೆಯಲ್ಲಿ, ಬೇರೆ 10 ರೂಪಾಯಿ ಹಚ್ಚಿ ಕಳಿಸಿ.